ಹಿಂದಿನವರ ಸೊಲ್ಲು

ಗಜೇಂದ್ರಗಡ
9 ಜೂನ್ 2008

ಇನಾಯತಣ್ಣಾ, ಸಲಾಂ.

ಫೋನಿನಲ್ಲಿ ಹೇಳೋಣವೆಂದರೆ ಅವ್ವ ಪಕ್ಕದಲ್ಲೇ ನಿಂತಿರುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಸುದ್ದಿ ಎರಡಿವೆ, ಎರಡೂ ಚೆನ್ನಾಗಿಲ್ಲ.

ಅಪ್ಪನ ಗಂಟಲಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರಲ್ಲ, ಅದು ನಾವು ಅಂಜಿದ್ದೇ ಆಗಿದೆ. ಮೊದಲು ಹುಬ್ಬಳ್ಳಿಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟು ನೋಡುತ್ತಾರಂತೆ. ಬಗ್ಗದಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಇಷ್ಟನ್ನೂ ಕೇಳಿಸಿಕೊಂಡು ಅಪ್ಪ ಕೇಳಿದ್ದು ಒಂದೇ ಮಾತು: "ಮೊಹರಮ್ಮಿಗೆ ಹಾಡಾಕ ಬರತೈತೇನ್ರಿ?" ಡಾಕ್ಟರು ನನ್ನನ್ನು ನೋಡಿದರು.

ಇನ್ನೊಂದು ಕಂಪ್ಯೂಟರಿನದು. ಮುಚ್ಚಿಹೋದ ಪ್ರೆಸ್ಸಿನಿಂದ ಅಪ್ಪ ಕೊಂಡು ತಂದಾಗಲೇ ಅದು ಹಳೆಯದಿತ್ತು. ನಮ್ಮ ಮನೆಗೆ ಬಂದು ಏಳು ವರ್ಷವಾಯಿತು. ಈಗ ಚಾಲೂ ಮಾಡಿದರೆ ಒಳಗಿನಿಂದ ಟಕ್ ಟಕ್ ಎನ್ನುತ್ತದೆ. ಒಂದೊಂದು ದಿನ ಏಳುವುದೇ ಇಲ್ಲ. ನನ್ನ ಟೈಪಿಂಗ್ ಕೆಲಸ ನಿಂತರೆ ನಿಲ್ಲಲಿ. ಆದರೆ ಫಕ್ರುಸಾಬ ಉಸ್ತಾದರ ಪದಗಳು ಅದರಲ್ಲೇ ಇವೆ.

ನೀನು ಆಗ ಸಾಂಗಲಿಗೆ ಹೋಗಿದ್ದೆ, ನಿನಗೆ ಪೂರ್ತಿ ಗೊತ್ತಿಲ್ಲ. ಉಸ್ತಾದರು ಸಾಯುವ ಮುಂಚೆ ಅಪ್ಪನ ಕೈಯಲ್ಲಿಟ್ಟ ಏಳು ವಹಿಗಳನ್ನು ಗೆದ್ದಲು ತಿನ್ನುತ್ತಿತ್ತು. ಎರಡು ಬೇಸಿಗೆ ಕುಳಿತು ಮೊಹರಮ್ಮಿಗೆ ಹಾಡುವ ನೂರಾ ನಲವತ್ತು ರಿವಾಯತ ಪದಗಳನ್ನು ಟೈಪ್ ಮಾಡಿದೆ. ಅಪ್ಪನಿಗೆ ಓದಲು ಬರುವುದಿಲ್ಲವಲ್ಲ, ನಾನು ಓದುತ್ತಿದ್ದೆ, ಅವನು ಹಾಡಿ ತಿದ್ದಿಸುತ್ತಿದ್ದ. ಮುಗಿದ ಮೇಲೆ ವಹಿಗಳನ್ನು ಬಿಳಿ ಅರಿವೆಯಲ್ಲಿ ಸುತ್ತಿ, ಊದು ಹಾಕಿ, ಪುರ್ತಗೇರಿ ದಾರಿಯ ಹಾಳು ಬಾವಿಗೆ ಬಿಟ್ಟು ಠಂಡಾ ಮಾಡಿದ. ಹಸನ್-ಹುಸೇನರ ಹೆಸರಿರುವ ಕಾಗದ ಯಾರ ಕಾಲಿಗೂ ಸಿಗಬಾರದಲ್ಲ. ಕಾಗದದ ಮೇಲೆ ಪ್ರಿಂಟ್ ತೆಗೆಯಲು ಬಿಡಲಿಲ್ಲ. "ಒಂದ ಹಾಳಿ ಹೊರಗ ಹೋತಂದ್ರ ಅಂದಾನಿ ಕೈಗೆ ಹತ್ತತೈತಿ" ಎಂದ. ತನ್ನ ನಂತರ ಮುಂದೆ ನಿಂತು ಹಾಡುವವನು ಯಾರೆಂದು ಅವನು ಇನ್ನೂ ಆರಿಸಿಲ್ಲ. ಅಲ್ಲಿಯ ತನಕ ಅವು ಮನೆಯ ಹೊರಗೆ ಹೋಗಕೂಡದು.

ಹೊಸದು ತರಲು ಒಪ್ಪಿದ್ದಾನೆ. "ಪೆಟ್ಟಿಗಿ ಹಳೇದಾದ್ರ ಸಾಮಾನ ಹೊಸಾ ಪೆಟ್ಟಿಗ್ಯಾಗ ಇಡಬೇಕವಾ, ಅದರಾಗೇನೈತಿ" ಎಂದ. ಯಾವುದು ತರಬೇಕೆಂದು ನನಗೆ ತಿಳಿಯದು. ಶೈಲಶ್ರೀ ಮದುವೆಯಾಗಿ ನರಗುಂದದಲ್ಲಿದ್ದಾಳೆ, ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ. ಆದರೆ ಅವಳು ಅಂದಾನೆಪ್ಪ ಕಾಕಾನ ಮಗಳು. ಇಪ್ಪತ್ತು ವರ್ಷ ಅಪ್ಪನ ಹಿಂದೆ ನಿಂತು ಹಾಡಿದ ಕಾಕಾ ಬೇರೆ ಮೇಳ ಕಟ್ಟಿದ್ದು, ರೋಣದಲ್ಲಿ ಉಸ್ತಾದರ ಪದ ಹಾಡಿದ್ದು, ಅಪ್ಪ ಅಷ್ಟು ಜನರ ಎದುರಿಗೆ ಕಳ್ಳ ಎಂದದ್ದು ನಿನಗೆ ಗೊತ್ತೇ ಇದೆ. ಅಪ್ಪನನ್ನು ಕೇಳಿದೆ. "ಕಂಪ್ಯೂಟರ ಸುದ್ದಿ ಬೇಕಾದ್ರ ಕೇಳು, ಪದದ ಸುದ್ದಿ ತಗೀಬ್ಯಾಡ" ಎಂದ.

ನಿನ್ನ ತಂಗಿ
ಶಹನಾಜ


ಗಜೇಂದ್ರಗಡ
22 ಜೂನ್ 2008

ಶೈಲಾ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ನನ್ನ ಪರವಾಗಿ "ಬಂದಾಳ್ರೀ ಸರ್" ಎನ್ನುತ್ತಿದ್ದವಳು ನೀನು.

ಒಂದು ಸಲಹೆ ಬೇಕು. ನಮ್ಮ ಮನೆಯ ಕಂಪ್ಯೂಟರನ್ನು ನೀನು ನೋಡಿದ್ದೀ. ಮೊದಲ ಸಲ ಮುಟ್ಟಿದಾಗ ನಿನಗೆ ಶಾಕ್ ಹೊಡೆದಿತ್ತು. ಅದರಲ್ಲೇ ನಾನು ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಂಡಿದ್ದೇನೆ. ಈಗ ಒಳಗೆ ಟಕ್ ಟಕ್ ಸದ್ದು, ನಡುನಡುವೆ ಪರದೆ ನೀಲಿಯಾಗಿ ನಿಂತುಬಿಡುತ್ತದೆ. ಕನ್ನಡ ಟೈಪಿಂಗಿಗೆ ಒಂದು ಲಾಕ್ ಇದೆ. ಬೆಂಕಿಪೊಟ್ಟಣದಷ್ಟಿದ್ದು, ಹಿಂದಿನ ಅಗಲ ಸಾಕೆಟ್ಟಿಗೆ ಕೂರುತ್ತದೆ. ಅದಿಲ್ಲದಿದ್ದರೆ ಕನ್ನಡವೇ ಬರುವುದಿಲ್ಲ. ಇಲ್ಲಿನ ಅಂಗಡಿಯಲ್ಲಿ ತೆಳ್ಳನೆಯ ಪರದೆಯ ಕಂಪನಿ ಕಂಪ್ಯೂಟರ್ ಇಟ್ಟಿದ್ದಾರೆ. ನೋಡಲು ಚೆನ್ನಾಗಿದೆ, ಆದರೆ ಹಿಂದೆ ಆ ಸಾಕೆಟ್ಟಿಲ್ಲ. "ಅಂಥಾದ್ದೆಲ್ಲಾ ಯಾವ ಕಾಲದ್ದ್ರೀ" ಎಂದು ಅಂಗಡಿಯವನು ನಕ್ಕ. ಅಲ್ಲಿ ಇನ್ನೇನೂ ಕೇಳದೆ ಬಂದುಬಿಟ್ಟೆ.

ಕಂಪನಿಯದು ತರಬೇಕೋ, ಜೋಡಿಸಿದ್ದು ತರಬೇಕೋ, ಹಳೆಯದನ್ನೇ ರಿಪೇರಿ ಮಾಡಿಸಬೇಕೋ?

ಅಪ್ಪನ ಆರೋಗ್ಯ ಸುಮಾರಾಗಿದೆ. ಕಾಕಾ ಚೆನ್ನಾಗಿದ್ದಾರೆಂದುಕೊಂಡಿದ್ದೇನೆ.

ಶಹನಾಜ


ನರಗುಂದ
3 ಜುಲೈ 2008

ಶಹನಾಜ,

"ಯಾರದವಾ ಪತ್ರ, ಈಗಿನ ಕಾಲದಾಗ?" ಎಂದು ನಮ್ಮ ಅತ್ತೆ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿ ಕೊಟ್ಟರು. ಗೆಳತಿಯದು ಎಂದೆ. "ಮದುವಿಗೆ ಬಂದಿದ್ಲೇನು?" ಎಂದರು. ಇಲ್ಲ ಎಂದೆ.

ನಾಲ್ಕು ವರ್ಷಕ್ಕೊಂದು ಪತ್ರ, ಅದರಲ್ಲಿ ಮುಕ್ಕಾಲು ಪಾಲು ಕಂಪ್ಯೂಟರು. ಇರಲಿ, ಕೇಳಿದ್ದಕ್ಕೆ ಹೇಳುತ್ತೇನೆ.

ತೆಳ್ಳನೆಯ ಪರದೆಗೆ ಮರುಳಾಗಬೇಡ. ಕಂಪನಿಯವುಗಳಲ್ಲಿ ಈಗ ಆ ಅಗಲ ಸಾಕೆಟ್ ಬಿಡುತ್ತಿದ್ದಾರೆ. ಬೋರ್ಡಿನಲ್ಲೇ ಅದು ಇರುವಂಥದ್ದನ್ನು ಹುಡುಕಿ ಜೋಡಿಸಿಕೊಡುವವರಿದ್ದಾರೆ. ರೋಣದ ಕಳಕೇಶ ಒಬ್ಬ, ನನ್ನ ಹತ್ತಿರ ಕಲಿತವನು. ಪರದೆ ದಪ್ಪನೆಯದೇ ಇರಲಿ, ನಿನ್ನ ಕಣ್ಣಿಗೂ ಅಭ್ಯಾಸ. ಹಳೆಯದಕ್ಕೆ ಇನ್ನು ಒಂದು ಪೈಸೆ ಹಾಕಬೇಡ.

ಆದರೆ ಆ ಟಕ್ ಟಕ್ ಸದ್ದಿನ ಬಗ್ಗೆ ಒಂದು ಮಾತು. ಅದು ಹಾರ್ಡ್ ಡಿಸ್ಕಿನದು. ನೀನು ಬರೆದದ್ದೆಲ್ಲ ಇರುವುದು ಅದರೊಳಗೆ. ಈ ಸದ್ದು ಶುರುವಾದ ಮೇಲೆ ಅದು ಇವತ್ತು ಹೋದೀತು, ಆರು ತಿಂಗಳಿಗೆ ಹೋದೀತು, ಹೇಳಲಾಗದು. ಬೇಕಾದದ್ದು ಇದ್ದರೆ ಈ ಪತ್ರ ಓದಿದ ಕೂಡಲೇ ಬಂದ್ ಮಾಡು, ಮತ್ತೆ ಚಾಲೂ ಮಾಡಬೇಡ. ಪೆಟ್ಟಿಗೆಯೊಂದನ್ನೇ ಬಸ್ಸಿನಲ್ಲಿ ಹಾಕಿಕೊಂಡು ನರಗುಂದಕ್ಕೆ ಬಾ. ನಾನೇ ಸಿಡಿಗೆ ಇಳಿಸಿಕೊಡುತ್ತೇನೆ. ಏನಿದೆ ಅದರಲ್ಲಿ? ಖರೇ ಹೇಳು.

ಮಲಿಕ ಕಾಕಾಗೆ ಏನಾಗಿದೆ? "ಸುಮಾರು" ಎಂದರೆ ಏನೆಂದು ನನಗೆ ತಿಳಿಯಲಿಲ್ಲ.

ಶೈಲಾ


ಗಜೇಂದ್ರಗಡ
14 ಜುಲೈ 2008

ಶೈಲಾ,

ಇಷ್ಟು ವಿವರವಾಗಿ ಬರೆದಿದ್ದೀ, ಉಪಕಾರವಾಯಿತು. ಕಳಕೇಶನಿಗೇ ಹೇಳುತ್ತೇನೆ.

ಹಳೆಯದರಲ್ಲಿ ಏನೂ ಇಲ್ಲ. ಮದುವೆಯಾಗಿ ಮಕ್ಕಳೂ ಆಗಿರುವವರ ಲಗ್ನಪತ್ರಿಕೆಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಅಷ್ಟೇ. ನರಗುಂದಕ್ಕೆ ಹೊತ್ತು ತರುವಂಥದ್ದಲ್ಲ.

ಅಪ್ಪನಿಗೆ ಗಂಟಲು ನೋವಿದೆ. ಔಷಧಿ ನಡೆದಿದೆ.

ಶಹನಾಜ


ನರಗುಂದ
25 ಜುಲೈ 2008

ಶಹನಾಜ,

ಏನೂ ಇಲ್ಲವೆಂದರೆ ಸುಲಭವಾಯಿತು. ಹೊಸದು ಬರುವ ತನಕ ಹಳೆಯದರಲ್ಲೇ ಕೆಲಸ ತೆಗೆ, ಹೋದ ದಿನ ಹೋಗಲಿ. ಆಮೇಲೆ ಗುಜರಿಯವನಿಗೆ ಹಾಕು, ಮನೆಯಲ್ಲಿ ಜಾಗ ಹಿಡಿದು ಕೂರುವುದು ಬೇಡ. ಕಳಕೇಶನಿಗೆ ಫೋನ್ ಮಾಡಿದ್ದೇನೆ. ಬೋರ್ಡ್ ಹುಬ್ಬಳ್ಳಿಯಿಂದ ತರಿಸಬೇಕಂತೆ, ಆಗಸ್ಟ್ ಕೊನೆಗೆ ತಾನೇ ಮನೆಗೆ ಬಂದು ಕೂರಿಸಿಕೊಡುತ್ತಾನೆ.

ಇನ್ನೊಂದು ಸಲ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಏಳು ವರ್ಷ ಅದರ ಮುಂದೆ ಕುಳಿತವಳು ನೀನು. ಕಾಲೇಜಿನಲ್ಲಿ ಯಾರಿಗೂ ತೋರಿಸದೆ ಕಥೆ ಬರೆಯುತ್ತಿದ್ದೆ. ಅವೂ ಇಲ್ಲವೇ? ಯಾವುದೂ ಇಲ್ಲವೇ?

ಶೈಲಾ




ಗಜೇಂದ್ರಗಡ
20 ಸೆಪ್ಟೆಂಬರ್ 2008

ಇನಾಯತಣ್ಣಾ,

ಅಪ್ಪನನ್ನು ಮನೆಗೆ ಕರೆತಂದಿದ್ದೇವೆ. ಆಪರೇಶನ್ ಹೊತ್ತಿಗೆ ನೀನು ಎರಡು ದಿನ ಬಂದು ಹೋದದ್ದರಿಂದ ಅವ್ವನಿಗೆ ಧೈರ್ಯ ಬಂತು. ಕತ್ತಿನ ತೂತಿಗೆ ಕಟ್ಟುವ ತೆಳು ಅರಿವೆಯನ್ನು ಈಗ ಅವಳೇ ಬದಲಿಸುತ್ತಾಳೆ. ಕರೆಯಬೇಕಾದರೆ ಅಪ್ಪ ಚಪ್ಪಾಳೆ ತಟ್ಟುತ್ತಾನೆ. ಒಂದು ತಟ್ಟಿದರೆ ಅವ್ವ, ಎರಡು ತಟ್ಟಿದರೆ ನಾನು.

ಅಲ್ಲಿ ನಿನಗೆ ಹೇಳಲಾಗದ್ದನ್ನು ಈಗ ಹೇಳುತ್ತೇನೆ.

ಟೇಪ್ ಮಾಡಿ ಇಟ್ಟುಕೊಳ್ಳಿ ಎಂದು ನೀನು ಜೂನ್‌ನಲ್ಲೇ ಹೇಳಿದ್ದೆ. "ಕ್ಯಾಸೆಟ್ಟಿಗೆ ಕಾಲ ಇರತಾವ, ಊರೂರು ತಿರಗತೈತಿ" ಎಂದು ಅಪ್ಪ ಒಪ್ಪಲಿಲ್ಲ. ಕರೆಂಟು ಕೊಟ್ಟ ಮೇಲಂತೂ ಅವನ ದನಿ ಪಿಸುಮಾತಿಗಿಳಿಯಿತು. ಆಗ ಅವನಿಗೆ ಒಂದೇ ಹಟ ಹಿಡಿಯಿತು. ದನಿ ಪೂರ್ತಿ ಹೋಗುವ ಮುಂಚೆ ನೂರಾ ನಲವತ್ತೂ ಪದಗಳನ್ನು ನಾನು ಇನ್ನೊಮ್ಮೆ ಓದಬೇಕು, ತಪ್ಪಿದ್ದರೆ ಅವನು ತಿದ್ದಬೇಕು. ಶೈಲಾ ಚಾಲೂ ಮಾಡಬೇಡ ಎಂದು ಬರೆದಿದ್ದಳು. ಅದನ್ನು ಅಪ್ಪನಿಗೆ ಹೇಳಿದೆ. "ಆಕಿ ಏನ ಹೇಳ್ತಾಳ. ನಮಗ ಬಂದದ್ದು ಆಕಿಗೇನ ಗೊತ್ತು" ಎಂದ. ದಿನಾ ಸಂಜೆ ತೆರೆದೆವು. ತೊಂಬತ್ತೇಳನೆಯ ಪದದ ನಡುವೆ ಪರದೆ ನಿಂತಿತು. ಮತ್ತೆ ಏಳಲಿಲ್ಲ. ಅಪ್ಪನಿಗೆ, ಕರೆಂಟು ಕಡಿಮೆ ಇದೆ ಎಂದೆ.

ಮೂರನೆಯ ದಿನ ಕಳಕೇಶ ಹೊಸದನ್ನು ತಂದು ಕೂರಿಸಿದ. ಹಳೆಯದರ ಡಿಸ್ಕ್ ಬಿಚ್ಚಿ ಹೊಸದಕ್ಕೆ ಜೋಡಿಸಿ ನೋಡಿದ. "ಇದು ಎದ್ದೇಳಂಗಿಲ್ರೀ ಅಕ್ಕಾರ. ಹುಬ್ಬಳ್ಳ್ಯಾಗ ಒಬ್ಬಾವ ಅದಾನ, ಬಿಚ್ಚಿ ತಗದುಕೊಡ್ತಾನ. ಬೇಕಾದ್ದೇನರ ಐತೇನ್ರಿ?" ಎಂದ. ಅಪ್ಪ ಬಾಗಿಲಲ್ಲಿ ನಿಂತಿದ್ದ. ಏನಿಲ್ಲ ಎಂದೆ. ಅವನು ಡಿಸ್ಕನ್ನು ಮತ್ತೆ ಪೆಟ್ಟಿಗೆಯೊಳಗೇ ಇಟ್ಟು ತಿರುಪು ಹಾಕಿದ.

ಆಪರೇಶನ್ ದಿನ ಗಾಲಿಮಂಚದ ಮೇಲೆ ಕರೆದೊಯ್ಯುವಾಗ ಅಪ್ಪ ನನ್ನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಕೇಳಿದ. "ಎಲ್ಲಾ ಹೊಸದಕ್ಕ ಬಂದಾವೇನು?"

"ಬಂದಾವಪ್ಪಾ. ಎಲ್ಲಾ ಬಂದಾವ" ಎಂದೆ.

ಅವನು ದನಿಯಿಂದ ಆಡಿದ ಕೊನೆಯ ಮಾತು ಅದು. ಬಾಗಿಲು ಹಾಕಿಕೊಂಡರು.

ಪೆಟ್ಟಿಗೆಯನ್ನು ಅಂದು ಹುಬ್ಬಳ್ಳಿಗೆ ಅವನ ಕಣ್ಣೆದುರು ಹೊತ್ತೊಯ್ಯಲಾಗುತ್ತಿರಲಿಲ್ಲ. ನೀನು ಒಂದು ದಿನದ ಮಟ್ಟಿಗೆ ಬಂದು ಅದನ್ನು ಆ ರಿಪೇರಿಯವನ ಹತ್ತಿರ ಒಯ್ಯುತ್ತೀಯಾ? ಅಪ್ಪನಿಗೆ ತಿಳಿಯದ ಹಾಗೆ.

ಶಹನಾಜ


ಸಾಂಗಲಿ
29-9-2008

ತಂಗಿ ಶಹನಾಜಗೆ ಅಣ್ಣ ಇನಾಯತ ಬರಿಯೋದು.

ನಿನ್ನ ಪತ್ರ ಮುಟ್ಟಿತು. ಈಗ ರಮಜಾನ ಮುಗೀತೈತಿ, ಬೆನ್ನಹತ್ತಿ ದೀಪಾವಳಿ ಆರ್ಡರ ಅದಾವ. ಶೇಠ ಬಿಡಾಂಗಿಲ್ಲ. ಆಪರೇಶನ್ನಿಗೆ ಬಂದದ್ದಕ್ಕ ಇನ್ನೂ ಮಾರಿ ಗಂಟ ಹಾಕ್ಯಾನ. ದೀಪಾವಳಿ ಮರುದಿನ ಬರತೇನಿ. ಅಲ್ಲೀತನಕ ಪೆಟ್ಟಿಗಿ ಮಂಚದ ಬುಡಕ ಇಡು. ಅಪ್ಪಗ ಏನೂ ಹೇಳಬ್ಯಾಡ, ಗಾಯ ಹಸೀ ಐತಿ. ನೀ ಹೇಳಿದ್ದು ಸುಳ್ಳಲ್ಲ, ಸ್ವಲ್ಪ ಮುಂಚೆ ಹೇಳಿದಿ ಅಷ್ಟ.

ಅವ್ವಗ ಸಲಾಂ ಹೇಳು.

ಇನಾಯತ


ಗಜೇಂದ್ರಗಡ
18 ಅಕ್ಟೋಬರ್ 2008

ಅಣ್ಣಾ,

ನೀನು ಅವಸರ ಮಾಡಿ ಬರುವುದು ಬೇಡ.

ಮೊನ್ನೆ ಗುರುವಾರ ಪ್ರಶ್ನೆಪತ್ರಿಕೆ ಕೊಡಲು ರೋಣಕ್ಕೆ ಹೋಗಿದ್ದೆ. ಬಂದಾಗ ಮನೆಯಲ್ಲಿ ಊದಿನ ವಾಸನೆ ಇತ್ತು. ಮಂಚದ ಬುಡದಲ್ಲಿ ಪೆಟ್ಟಿಗೆ ಇರಲಿಲ್ಲ. ಮೂಲೆಯಲ್ಲಿದ್ದ ಹಳೆಯ ಪರದೆ, ಕೀಬೋರ್ಡು ಇರಲಿಲ್ಲ. ಮೌಸ್ ಮಾತ್ರ ಗೋಡೆಯ ಮೊಳೆಗೆ ನೇತಾಡುತ್ತಿತ್ತು.

"ಗುಜರಿಯಾವ ಬಂದಿದ್ದ" ಎಂದಳು ಅವ್ವ. "ಹಳೇ ಕಂಪ್ಯೂಟರ ಐತೇನು ಅಂತ ಕೇಳಿದ. ನಾ ಮಂಚದ ಬುಡಕ ಕೈ ಮಾಡಿದ್ನಿ. ನಿಮ್ಮಪ್ಪ ಸಿಟ್ಟಾಗಿ ಆತನ್ನ ಹೊರಗ ಹಾಕಿದ. ಹಸನ್-ಹುಸೇನರ ಹೆಸರ ಇದ್ದದ್ದನ್ನ ಗುಜರಿಗೆ ಕೊಡ್ತಾರೇನು? ನಂಗರ ಎಲ್ಲೆ ಹೊಳೀತು."

ಆಮೇಲೆ ಅಪ್ಪ ಪರಶಪ್ಪನನ್ನು ಕರೆಸಿದನಂತೆ. ಹೊಸ ಬಿಳಿ ಅರಿವೆ ತರಿಸಿದನಂತೆ. ಹೆಸರುಗಳು ಯಾವುದರೊಳಗಿವೆ ಎಂದು ತಿಳಿಯದೆ ಮೂರನ್ನೂ ಬೇರೆ ಬೇರೆಯಾಗಿ ಸುತ್ತಿಸಿದನಂತೆ. ಪರಶಪ್ಪನ ಕೈಗಾಡಿಯ ಹಿಂದೆ, ಕತ್ತಿಗೆ ಅರಿವೆ ಕಟ್ಟಿಕೊಂಡು, ಆ ಬಿಸಿಲಲ್ಲಿ ಪುರ್ತಗೇರಿ ದಾರಿಯ ಬಾವಿಯ ತನಕ ನಡೆದನಂತೆ. ವಹಿಗಳಿಗೆ ಮಾಡಿದ ಹಾಗೆಯೇ ಎಲ್ಲ ಮಾಡಿದ್ದಾನೆ. ಎಲ್ಲ ಹೊಸದಕ್ಕೆ ಬಂದಿವೆ ಎಂದು ನಾನು ಹೇಳಿದ್ದೆನಲ್ಲ. ಬಂದ ಮೇಲೆ ಹಳೆಯದು ಹಳೆಯ ವಹಿಯಂತೆಯೇ.

ನಾನು ಒಳಗೆ ಹೋದಾಗ ಅಪ್ಪ ಗಂಜಿ ಕುಡಿಯುತ್ತಿದ್ದ. ಆಪರೇಶನ್ ಆದ ಮೇಲೆ ಮೊದಲ ಸಲ ಒಂದು ಬಟ್ಟಲು ಪೂರ್ತಿ ಕುಡಿದ. ನನ್ನನ್ನು ನೋಡಿ ಎರಡೂ ಅಂಗೈ ಮೇಲೆತ್ತಿ ಇಳಿಸಿದ, ಒಂದು ಕೆಲಸ ಮುಗಿಯಿತು ಎನ್ನುವ ಹಾಗೆ.

ಈ ಸಲ ಮಳೆ ಚೆನ್ನಾಗಾಗಿದೆ. ಬಾವಿಯ ನೀರು ಮೇಲಿನ ಮೆಟ್ಟಿಲ ತನಕ ಇದೆ.

ಶಹನಾಜ


ಗಜೇಂದ್ರಗಡ
24 ನವೆಂಬರ್ 2008

ಶೈಲಾ,

ನಿನ್ನ ಜುಲೈ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಹಳೆಯ ಕಂಪ್ಯೂಟರಿನಲ್ಲಿ ಏನಿತ್ತೆಂದು ಎರಡು ಸಲ ಕೇಳಿದ್ದೆ. ಉಸ್ತಾದರ ನೂರಾ ನಲವತ್ತು ಪದಗಳಿದ್ದವು. ಬೇರೆಲ್ಲೂ ಇರಲಿಲ್ಲ.

ಅಪ್ಪನಿಗೆ ಗಂಟಲ ಕ್ಯಾನ್ಸರ್. ಸೆಪ್ಟೆಂಬರಿನಲ್ಲಿ ಧ್ವನಿಪೆಟ್ಟಿಗೆ ತೆಗೆದರು. ಪದಗಳು ಹೊಸ ಕಂಪ್ಯೂಟರಿಗೆ ಬಂದಿವೆ ಎಂದು ನಾನು ಹೇಳಿದ ಸುಳ್ಳನ್ನು ನಂಬಿ, ಹಳೆಯದನ್ನು ತನ್ನ ಕೈಯಾರೆ ಬಾವಿಗೆ ಬಿಟ್ಟ. ಅದರೊಳಗೆ ಪವಿತ್ರ ಹೆಸರುಗಳಿದ್ದವೆಂದು. ಅದನ್ನು ಕೈಗಾಡಿಯಲ್ಲಿ ಒಯ್ದ ಪರಶಪ್ಪನನ್ನು ಗುಟ್ಟಾಗಿ ಕೇಳಿದೆ, ಮುಳುಗಿ ತೆಗೆಯುತ್ತೀಯಾ ಎಂದು. "ಠಂಡಾ ಮಾಡಿದ್ದನ್ನ ಮ್ಯಾಲ ತಗಿಯೂದು ಬ್ಯಾಡವಾ, ನನ್ನ ಕೈಲೆ ಆಗೂದಿಲ್ಲ" ಎಂದ. ದೀಪಾವಳಿಗೆ ಅಣ್ಣ ಬಂದ. ಕೊಡ ಬಿದ್ದರೆ ತೆಗೆಯುವ ಪಾತಾಳಗರಡಿಯನ್ನು ಕೇಳಿ ತಂದು ಎರಡು ದಿನ ಬಾವಿ ಜಾಲಾಡಿದ. ಕೀಬೋರ್ಡು ಬಂತು, ಅರಿವೆಯ ಚೂರು ಬಂತು. ಪೆಟ್ಟಿಗೆ ಹೂಳಿನೊಳಗೆ ಕುಳಿತಿದೆ.

ಹೋದ ವಾರ ಅಪ್ಪ ಎರಡು ಚಪ್ಪಾಳೆ ತಟ್ಟಿ, ಹೊಸ ಕಂಪ್ಯೂಟರಿನತ್ತ ಕೈ ತೋರಿಸಿದ. ಓದು ಎಂದು. ಚಾಲೂ ಮಾಡಿ, ಖಾಲಿ ಹಾಳೆ ತೆರೆದು, ನನಗೆ ಬಾಯಿಗೆ ಬರುವ ಒಂದು ಪದವನ್ನು ಓದುವವಳಂತೆ ಹೇಳಿದೆ. ಅವನಿಗೆ ಅಕ್ಷರ ಗೊತ್ತಿಲ್ಲ. ಆದರೆ ಅಕ್ಷರ ಇರುವ ಹಾಳೆ, ಇಲ್ಲದ ಹಾಳೆ ಗೊತ್ತಾಗುವುದಿಲ್ಲವೇ? ಅದಕ್ಕೆ ಒಂದು ಲಗ್ನಪತ್ರಿಕೆಯನ್ನು ತೆರೆದಿಟ್ಟುಕೊಂಡೆ. ಎರಡನೆಯ ದಿನ ಇನ್ನೊಂದು ಪದ ಹೇಳಿದೆ. ಮೂರನೆಯ ದಿನ ಅವನು ಬೆರಳಿನಿಂದ ಮಂಚದ ಮೇಲೆ ತಾಳ ಹಾಕಿ ತನಗೆ ಬೇಕಾದ ಪದ ಯಾವುದೆಂದು ತಿಳಿಸಿದ. ತಾಳ ಗುರುತು ಸಿಕ್ಕಿತು. ಮೊದಲ ಸಾಲು ಹೇಳಿದೆ. ಎರಡನೆಯದು ಬರಲಿಲ್ಲ.

ಅವನು ಬಹಳ ಹೊತ್ತು ಕಾದ. ಆಮೇಲೆ ಎದ್ದು ಗೋಡೆಯ ಬಟನ್ ತಾನೇ ಆರಿಸಿದ. ನನ್ನನ್ನು ಬೈಯಲು ಅವನಿಗೆ ದನಿ ಇರಲಿಲ್ಲ, ಕೈ ಕೂಡ ಎತ್ತಲಿಲ್ಲ. ಅವತ್ತಿನಿಂದ ಚಪ್ಪಾಳೆ ಒಂದೇ ತಟ್ಟುತ್ತಾನೆ.

ಪದಗಳೆಲ್ಲ ಅವನಲ್ಲಿವೆ ಶೈಲಾ. ಹೊರಗೆ ಬರಲು ದಾರಿಯಿಲ್ಲ.

ನಿನ್ನ ಮದುವೆಯ ದಿನ ನಾನು ನರಗುಂದದ ಬಸ್‌ಸ್ಟ್ಯಾಂಡಿನ ತನಕ ಬಂದಿದ್ದೆ. ಮಂಟಪದಲ್ಲಿ ಕಾಕಾ ಎದುರಾದರೆ ಏನು ಮಾತಾಡುವುದೆಂದು ಅಂಜಿ, ಮುಂದಿನ ಬಸ್ಸಿಗೆ ತಿರುಗಿದೆ.

ಶಹನಾಜ


ನರಗುಂದ
8 ಡಿಸೆಂಬರ್ 2008

ಶಹನಾಜ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಮೊದಲು ಬರೆದ ಉತ್ತರವನ್ನು ಹರಿದು ಹಾಕಿದೆ. ಅದರಲ್ಲಿ ನಾನು ಹೇಳಿದ್ದು ಇಷ್ಟೇ: ನಾನು ಪದಗಳನ್ನು ನಮ್ಮ ಅಪ್ಪನಿಗೆ ಕೊಟ್ಟುಬಿಡುತ್ತೇನೆಂದು ನೀನು ಎಣಿಸಿದೆ. ನಿಮ್ಮ ಅಪ್ಪ ಎಣಿಸಿದ್ದರೆ ನನಗೆ ನೋವಿಲ್ಲ. ನೀನು ಎಣಿಸಿದೆ. ಒಂದು ಮಾತು ಹೇಳಿದ್ದರೆ ಅರ್ಧ ತಾಸಿನ ಕೆಲಸವಿತ್ತು. ಕಣ್ಣು ಮುಚ್ಚಿಕೊಂಡು ಸಿಡಿಗೆ ಇಳಿಸಿಕೊಡುತ್ತಿದ್ದೆ. "ಹೋದ ದಿನ ಹೋಗಲಿ" ಎಂದು ಬರೆದ ಕೈ ನನ್ನದು. ಅದನ್ನು ನನ್ನಿಂದ ಬರೆಸಿದವಳು ನೀನು. ಇದನ್ನು ಇನ್ನೊಂದು ಪತ್ರದಲ್ಲಿ ಎತ್ತುವುದಿಲ್ಲ, ಆದರೆ ಇಲ್ಲದ್ದೆಂದು ತಿಳಿಯಬೇಡ.

ಹೋದ ಭಾನುವಾರ ಮುಶಿಗೇರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಊಟಕ್ಕೆ ಕುಳಿತಿದ್ದರು. ರೊಟ್ಟಿ ಮುರಿದದ್ದನ್ನು ತಾಟಿನಲ್ಲೇ ಬಿಟ್ಟು, "ಪೂರಾ ದನಿ ಹೋತೇನು?" ಎಂದು ಕೇಳಿದರು. ಪೂರಾ ಎಂದೆ. ಅವ್ವ, "ನಿಮಗ ಹಾಂಗ ಅಂದ ಮನಷ್ಯಾನ ಮನಿಗೆ ಹೋಗ್ತೀರೇನು?" ಎಂದಳು. ಅಪ್ಪ, "ನಾ ಎಲ್ಲೆ ಹೋಗ್ತೇನಂದ್ನಿ?" ಎಂದರು. ಸಂಜೆಗೆ ಗಜೇಂದ್ರಗಡದ ಬಸ್ಸಿನ ಹೊತ್ತು ವಿಚಾರಿಸುತ್ತಿದ್ದರು.

ಆದರೆ ಆಸೆ ಹೆಚ್ಚು ಇಟ್ಟುಕೊಳ್ಳಬೇಡ. ನಮ್ಮ ಅಪ್ಪ ನಿಂತದ್ದು ಹಿಮ್ಮೇಳದಲ್ಲಿ. ಮುಂದಿನವನು ಸಾಲು ಪೂರ್ತಿ ಹಾಡುತ್ತಾನೆ. ಹಿಂದಿನವರು ಆ ಸಾಲಿನ ತುದಿಯ ಎರಡು ಮೂರು ಮಾತು ಹಿಡಿದು ತಿರುಗಿ ಹೇಳುತ್ತಾರೆ, ಅಷ್ಟೇ. ಅದಕ್ಕೆ ಅವರು ಸೊಲ್ಲು ಎನ್ನುತ್ತಾರೆ. ಅಪ್ಪನಿಗೆ ಬರುವುದು ಸೊಲ್ಲು ಮಾತ್ರ.

ಶೈಲಾ


ಗಜೇಂದ್ರಗಡ
3 ಜನವರಿ 2009

ಶೈಲಾ,

ಕಾಕಾ ನಿನ್ನೆ ಮುಂಜಾನೆ ಬಂದರು. ಮೊಹರಮ್ಮಿನ ಬೆಂಕಿ ಕುಣಿಯ ಹತ್ತಿರ ಹಲಗೆ ಬಾರಿಸುವುದು ಶುರುವಾಗಿ ನಾಲ್ಕು ದಿನವಾಗಿದೆ. ನಮ್ಮ ಮೇಳದವರು ದಿನಾ ಬಂದು ಅಪ್ಪನ ಮುಂದೆ ಸುಮ್ಮನೆ ಕುಳಿತು ಹೋಗುತ್ತಿದ್ದರು.

ಕಾಕಾ ಬಾಗಿಲಲ್ಲೇ ನಿಂತು, ಅಪ್ಪನ ಕತ್ತಿನ ಅರಿವೆ ನೋಡಿ, ಚಪ್ಪಲಿ ಬಿಡಲು ಬಹಳ ಹೊತ್ತು ಮಾಡಿದರು. ಆಮೇಲೆ ಒಳಗೆ ಬಂದು ಮಂಚದ ತುದಿಗೆ ಕುಳಿತರು.

"ಏನ ಮಲಿಕಣ್ಣಾ, ಇನ್ನರ ನಾ ಮಾತಾಡೂಮುಂದ ನಡಕ ಬಾಯಿ ಹಾಕಾಂಗಿಲ್ಲಲ್ಲ."

ಅವ್ವ ಒಲೆಯ ಮುಂದೆ ಗಾಬರಿಯಾದಳು. ಅಪ್ಪ ಗೋಡೆಯ ಕಡೆ ನೋಡುತ್ತಿದ್ದ. ಅವನ ಭುಜ ಅಲುಗಿತು. ನಕ್ಕನೋ ಅತ್ತನೋ, ದನಿಯಿಲ್ಲದೆ ನನಗೆ ತಿಳಿಯಲಿಲ್ಲ.

"ರೋಣದಾಗ ನನಗ ಕಳ್ಳ ಅಂದಿ" ಎಂದರು ಕಾಕಾ. "ಕದಿಯಾಕ ನನ್ನ ಕಡೆ ಏನಿತ್ತೋ ಮಾರಾಯಾ? ಸೊಲ್ಲಿತ್ತು. ಮುಂದಿಂದು ನಾನ ಕಟ್ಟಿದ್ನಿ, ಹೊಲದಾಗ ಕುಂತು, ಎಂಟು ದಿವಸ. ಕೇಳಿದ್ದರ ಹೇಳ್ತಿದ್ನಿ. ನೀ ಕೇಳಲಿಲ್ಲ."

ಅಪ್ಪ ಗೋಡೆಯಿಂದ ತಿರುಗಿ ಅವರನ್ನು ನೋಡಿದ. ಆಮೇಲೆ ಎರಡು ಚಪ್ಪಾಳೆ ತಟ್ಟಿದ. ಆರು ವಾರದ ಮೇಲೆ.

ನಾನು ಹೊಸ ಕಂಪ್ಯೂಟರ್ ಚಾಲೂ ಮಾಡಿ ಕುಳಿತೆ. ಅಪ್ಪ ಮಂಚದ ಪಟ್ಟಿಯ ಮೇಲೆ ತಾಳ ಹಿಡಿದ. ಕಾಕಾ ಕಣ್ಣು ಮುಚ್ಚಿ ಕಾದರು. ಎಲ್ಲಿ ಅಪ್ಪ ಹಾಡಬೇಕಿತ್ತೋ ಅಲ್ಲಿ ಬರೀ ಬೆರಳ ಸದ್ದು. ಅಷ್ಟು ಹೊತ್ತು ಬಿಟ್ಟು ಕಾಕಾ ಎತ್ತಿದರು: "ಕುದುರಿ ಒಂದ ಬಂತೋ." ಮತ್ತೆ ಬೆರಳ ಸದ್ದು. "ತಡಿ ನೆನಿಲಿಲ್ಲೋ." ಮತ್ತೆ ಸದ್ದು. "ಮಗಳ ಕೇಳ್ಯಾಳೋ." ಹೀಗೇ ಒಂದು ಪದ ತುದಿಯ ತನಕ ಹೋಯಿತು. ಕುದುರೆ ಒಂದೇ ಯಾಕೆ ಬಂತು, ತಡಿ ಯಾವ ನೀರಿಗೆ ನೆನೆಯಲಿಲ್ಲ, ಮಗಳು ಏನು ಕೇಳಿದಳು, ಎಲ್ಲ ಅಪ್ಪನ ಬಾಯಲ್ಲಿತ್ತು. ತುಟಿ ಅಲುಗುತ್ತಿದ್ದವು. ಕತ್ತಿನ ಅರಿವೆ ಒಳಗೆ ಹೊರಗೆ ಆಡುತ್ತಿತ್ತು, ಅಷ್ಟೇ.

ಎರಡನೆಯ ಸಲ ಹೇಳಿಸಿದಾಗ ನಾನು ಕಂಪ್ಯೂಟರ್ ಬಿಟ್ಟು ಅಪ್ಪನ ಎದುರಿಗೆ ಕುಳಿತೆ. ತುಟಿಗಳನ್ನು ನೋಡಿ ಒಂದೊಂದು ಮಾತು ಊಹಿಸಿ ಹೇಳುತ್ತಾ ಹೋದೆ. "ಬಿಸಿಲು?" ತಲೆ ಅಡ್ಡ ಆಡಿಸಿದ. "ಬಯಲು?" ಅಡ್ಡ. "ಬಾಗಿಲು?" ಹೌದು ಎಂದ. ಒಂದು ಮಾತಿಗೆ ಒಮ್ಮೊಮ್ಮೆ ಹತ್ತು ಸಲ ಕೇಳಬೇಕಾಯಿತು. ಕಾಕಾ ನಡುನಡುವೆ, "ಅಲ್ಲವಾ, ಅಲ್ಲಿ ಗಿಡ್ಡ ಮಾತ ಬರಬೇಕು, ತಾಳಕ್ಕ ಕೂಡಂಗಿಲ್ಲ" ಎನ್ನುತ್ತಿದ್ದರು. ಅವ್ವ ಚಹಾ ತಂದಿಟ್ಟದ್ದು ಕೆನೆ ಕಟ್ಟಿತು. ಊಟದ ಹೊತ್ತು ದಾಟಿತು. ಕಾಕಾ ರಾತ್ರಿ ಇಲ್ಲೇ ಉಳಿದರು. ಹಬ್ಬದ ಕತ್ತಲ ರಾತ್ರಿ ಮುಗಿಯುವ ತನಕ ಇರುತ್ತೇನೆಂದು ನಿನ್ನ ಅವ್ವನಿಗೆ ನೀನೇ ತಿಳಿಸಬೇಕಂತೆ.

ಅಪ್ಪ ಮುಂದಿನ ಬೇಸಿಗೆ ಕಾಣುತ್ತಾನೋ ಇಲ್ಲವೋ, ಹುಬ್ಬಳ್ಳಿಯ ಡಾಕ್ಟರು ಹೇಳುವುದಿಲ್ಲ. ಕೇಳಿದರೆ ತಿಂಗಳಿಗೊಮ್ಮೆ ಕರೆತನ್ನಿ ಎನ್ನುತ್ತಾರೆ.

ಇವತ್ತು ಸಂಜೆಗೆ ಆ ಪದದ ಮೂರು ಸಾಲು ಪೂರ್ತಿಯಾದವು. ಮೊದಲ ಎರಡು ಸರಿಯಾಗಿವೆ. ಮೂರನೆಯದರಲ್ಲಿ ಒಂದು ಮಾತು ಎಷ್ಟು ಹೇಳಿದರೂ ಕೂಡಲಿಲ್ಲ. ಕೊನೆಗೆ ನಾನು ಹೇಳಿದ ಯಾವುದೋ ಒಂದು ಮಾತಿಗೆ ಅಪ್ಪ ಕಣ್ಣು ಮುಚ್ಚಿಕೊಂಡು ಹೌದು ಎಂದು ತಲೆ ಹಾಕಿದ. ಅದು ಉಸ್ತಾದರ ಮಾತಲ್ಲ ಎಂದು ನನಗೆ ಗೊತ್ತಾಯಿತು. ಅವನಿಗೆ ದಣಿವಾಗಿತ್ತು, ನನ್ನ ಮುಖವನ್ನೂ ನೋಡಿದ್ದ. ಕಾಕಾ ನೆಲ ನೋಡುತ್ತಾ ಕುಳಿತಿದ್ದರು.

ಆ ಮಾತನ್ನೂ ಟೈಪ್ ಮಾಡಿದೆ.

ಶಹನಾಜ